ಗಾಳಿ ಎಂಟೆಂದು ಹೇಳಿದ ಬೆಳಗ್ಗೆ

ಮಂಗಳವಾರ, ಮಧ್ಯಾಹ್ನ
ಆಸ್ಪತ್ರೆಯ ವರಾಂಡ

ಮಗಳೇ ಪುಟ್ಟಿ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಾನು ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ. ನಿನ್ನ ಗಂಡ ಹಾಗೆಯೇ ಇದ್ದಾರೆ. ಕುತ್ತಿಗೆಯಿಂದ ಕೆಳಗೆ ಅಲುಗಾಟವಿಲ್ಲ. ಗಂಟಲಿಗೆ ನಳಿಗೆ ಹಾಕಿದ್ದಾರೆ, ಮಾತಿಲ್ಲ.

ಅವರನ್ನು ಬಿಟ್ಟು ಹೊರಟುಹೋದ ದಿನ ನೀನು ಅವರ ಮಂಚದ ಬಳಿ ನಿಂತು, "ಗಾಳಿ ನೋಡ್ಕೊಂಡು ಹತ್ತಿ ಅಂತ ಬಡ್ಕೊಂಡೆ. ಕೇಳಿದ್ರಾ? ನನ್ನ ಬಾಳು ಹಾಳು ಮಾಡಿದ್ರಿ" ಎಂದೆ. ನಾನು ಪಕ್ಕದಲ್ಲೇ ಇದ್ದೆ. ಅವರ ಹೊದಿಕೆ ಸರಿಮಾಡುತ್ತ ನಿಂತೆ.

ಆ ಹವಾಮಾನದ ಯಂತ್ರ ತಂದದ್ದು ನಾವಿಬ್ಬರೇ, ಅತ್ತೆ ಅಳಿಯ. ಫೋನಿನಲ್ಲಿ ಬರುವುದು ಇಡೀ ಊರಿನ ಗಾಳಿ, ಹಗ್ಗದಲ್ಲಿ ನೇತಾಡಿ ನೀರಿನ ಟ್ಯಾಂಕಿಗೆ ಬಣ್ಣ ಬಳಿಯುವವನಿಗೆ ಮನೆ, ಟ್ಯಾಂಕು ಎರಡೂ ಇರುವ ಈ ಗುಡ್ಡದ ಗಾಳಿ ಗೊತ್ತಿರಬೇಕು ಎಂದಿದ್ದರು. ಅಂಗಡಿಯಲ್ಲಿ ಮೂರು ತೋರಿಸಿದರು. ತೀರ ಅಗ್ಗದ್ದು ಬರೀ ಸೆಕೆ, ತೇವ ಹೇಳುವುದು. ದೊಡ್ಡದು ನಮ್ಮ ಕೈಗೆಟುಕುವಂಥದ್ದಲ್ಲ. ನಡುವಿನದರಲ್ಲಿ ಮಳೆ ಅಳೆಯುವ ಡಬ್ಬಿ, ಗಾಳಿಗೆ ತಿರುಗುವ ಮೂರು ಪುಟ್ಟ ಬಟ್ಟಲು, ಅಡುಗೆಮನೆಯಲ್ಲಿಡುವ ಪರದೆ. ತಾರಸಿಯ ಕಂಬದ ತುದಿಗೆ, ಸುತ್ತ ಏನೂ ಅಡ್ಡವಿಲ್ಲದ ಹಾಗೆ, ಅವರೇ ಕಟ್ಟಿದರು. "ಅತ್ತೆ, ಇನ್ಮೇಲೆ ಹವಾಮಾನ ಮಂತ್ರಿ ನೀವೇ. ಹೂಂ ಅಂದ್ರೆ ಹಗ್ಗಕ್ಕೆ ಇಳೀತೀನಿ, ಊಹೂಂ ಅಂದ್ರೆ ಮಲ್ಕೋತೀನಿ" ಎಂದು ನಕ್ಕರು. ಗಾಳಿಯ ವೇಗ ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ದಾಟಿದರೆ ಬೇಡ ಎನ್ನಬೇಕು. ಅಷ್ಟೇ ನನ್ನ ಕೆಲಸ.

ಅವರು ಬೇರೆ ಕಡೆ ಕೆಲಸಕ್ಕೆ ಹೋಗಿದ್ದ ವಾರ ಜೋರು ಗಾಳಿ ಎದ್ದಿತು. ಬಟ್ಟಲುಗಳು ಹುಚ್ಚು ಹಿಡಿದಂತೆ ತಿರುಗಿದವು. ಅಷ್ಟು ಆಸೆಪಟ್ಟು ತಂದದ್ದು ಮುರಿದೀತೆಂದು ಹೆದರಿದೆ. ಏಣಿ ಹಾಕಿ ಬಿಚ್ಚಿದೆ. ದೀಪಕ್ಕೆ ಮರೆ ಮಾಡಿದ ಹಾಗೆ, ಮೆಟ್ಟಿಲ ಗೋಡೆಯ ಮೂಲೆಯಲ್ಲಿ ಭದ್ರವಾಗಿ ಕಟ್ಟಿದೆ. ಪರದೆಯಲ್ಲಿ ಅಂಕಿ ಬರುತ್ತಲೇ ಇತ್ತು, ಸರಿಯಿದೆ ಅಂದುಕೊಂಡೆ. ಗಾಳಿ ಅಳೆಯುವುದನ್ನು ಗಾಳಿಯಿಂದಲೇ ಕಾಪಾಡಿದ ಹೆಂಗಸು ನಾನು, ಪುಟ್ಟಿ. ಅವರಿಗೆ ಹೇಳಲೂ ಇಲ್ಲ.

ಆ ಬೆಳಗ್ಗೆ ಬೂಟಿನ ಲೇಸು ಕಟ್ಟುತ್ತ ಕೇಳಿದರು, "ಮಂತ್ರಿಗಳೇ, ಎಷ್ಟು?" ಪರದೆ ನೋಡಿ ಎಂಟು ಅಂದೆ. ದೇವರಿದ್ದಾನೆ, ಹೋಗಿಬನ್ನಿ ಅಂದೆ. ಬಿಟ್ಟು ಬಿಟ್ಟು ಬೀಸುವ ಗಾಳಿ, ನೆಲದಲ್ಲಿ ನಿಂತವರಿಗೆ ಏನು ತಿಳಿಯುತ್ತದೆ? ಟ್ಯಾಂಕಿನ ನೆತ್ತಿಯಲ್ಲಿ ಒಂದೇ ಬೀಸಿಗೆ ಅವರನ್ನು ಹಗ್ಗದ ಸಮೇತ ಎತ್ತಿ ಕಾಂಕ್ರೀಟ್ ಗೋಡೆಗೆ ಅಪ್ಪಳಿಸಿತಂತೆ.

ಮೇಸ್ತ್ರಿ ವಿಚಾರಿಸಿದಾಗಲೂ ನನಗೇನೂ ಗೊತ್ತಿಲ್ಲ ಅಂದೆ. ಗಾಳಿ ನೋಡದೆ ಹತ್ತಿದ ಎಂದು ಎಲ್ಲರೂ ಅವರನ್ನೇ ಬೈದರು. ಈಗ ಪ್ರಾರ್ಥನೆಗೆ ಕುಳಿತರೆ ಮೊದಲ ಸಾಲೇ ಬಾಯಿಗೆ ಬರುವುದಿಲ್ಲ. ಕ್ಷಮಿಸು ಎನ್ನಲಾರೆ. ಅವರ ಮೇಲಿನ ಸಿಟ್ಟನ್ನೆಲ್ಲ ನನ್ನ ಮೇಲೆ ಹಾಕು. ಬಂದು ಅವರ ಕೈ ಹಿಡಿದುಕೋ, ಹಿಡಿದದ್ದು ಅವರಿಗೆ ತಿಳಿಯದಿದ್ದರೂ.

ನಿನ್ನ ಪಾಪಿ ಅಮ್ಮ

ತಾ.ಕ.: ನರ್ಸಮ್ಮ ನಿನ್ನ ಗಂಡನಿಗೆ ಕಣ್ಣಿನಲ್ಲೇ ಮಾತಾಡಲು ಕಲಿಸಿದ್ದಾರೆ. ಒಂದು ಸಲ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಬೇಡ. ಈ ಕಾಗದವನ್ನು ಅವರಿಗೆ ಓದಿ ಹೇಳಿದೆ. ಮಗಳಿಗೆ ಕಳಿಸಲೇ ಎಂದು ಕೇಳಿದೆ. ಎರಡು ಸಲ ಮುಚ್ಚಿದರು. ಮತ್ತೆ ಕೇಳಿದೆ. ಮತ್ತೆ ಎರಡೇ. ಆದರೂ ಅಂಚೆಗೆ ಹಾಕುತ್ತಿದ್ದೇನೆ.