ಅದೇ ಹೆಸರಿನ ಡಬ್ಬಿ, ಒಳಗೆ ಬೇರೆ ಚಿಪ್

ವೈರ್‌ಲೆಸ್ ಕಾರ್ಡ್ ತಯಾರಿಸುವ ಕಂಪನಿಯ ತಾಂತ್ರಿಕ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಕಾರ್ಡನ್ನು ದುಡ್ಡು ಕೊಟ್ಟು ಕೊಂಡವಳು ನಾನು. ಅದಕ್ಕೆ ಕೆಲಸ ಹೇಳುವುದು ಹೇಗೆಂದು ಕೇಳಿದ್ದಕ್ಕೆ "ಹವ್ಯಾಸಿಗಳಿಗೆ ದಾಖಲೆ ಕೊಡುವುದಿಲ್ಲ" ಎಂದು ಒಂದೇ ಸಾಲು ಬರೆದಿರಿ. ಹವ್ಯಾಸಿಗಳೆಂದರೆ ಕಳ್ಳರು ಎಂದು ನಿಮ್ಮ ನಿಘಂಟಿನಲ್ಲಿದೆಯೇ?

ಬಣಕಲ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡು ಏಳು ವರ್ಷದಿಂದ ನನ್ನದೇ ಒಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ. ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ, ಕನ್ನಡವನ್ನು ದಪ್ಪ ಅಕ್ಷರದಲ್ಲಿ ತೋರಿಸುತ್ತದೆ. ಅದಕ್ಕೆ ಜಗತ್ತಿನಲ್ಲಿ ಇಬ್ಬರೇ ಗಿರಾಕಿಗಳು: ಕಾಫಿ ಬೆಳೆಗಾರರಾದ ಮಂಜಯ್ಯನವರು, ಎದುರು ಗುಡ್ಡದ ಕೃಷ್ಣಪ್ಪನವರು. ಊರಿಗೆ ಫೋನ್ ಬಂದಾಗಿನಿಂದ ಬೆಳಿಗ್ಗೆ ಎಂಟಕ್ಕೆ ಮಳೆ ಅಳೆದು, "ನಿಮ್ಮಲ್ಲಿ ಎಷ್ಟು ಸೆಂಟ್ ಬಂತು ಮಾರಾಯ್ರೆ?" ಎಂದು ಕೇಳಿಕೊಂಡವರು. ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು ಪಾಲು ಮಳೆ. ನಮ್ಮ ಕಡೆ ಆ ಪ್ರಶ್ನೆ ಮಳೆಯ ವಿಚಾರವೂ ಹೌದು, ಹುಷಾರಾಗಿದ್ದೀರಾ ಎಂಬ ವಿಚಾರಣೆಯೂ ಹೌದು. ಹೋದ ವರ್ಷ ಮಂಜಯ್ಯನವರಿಗೆ ಕಿವಿ ಪೂರ್ತಿ ಹೋಯಿತು. ಮೊಬೈಲಿಗೆ ಇಲ್ಲಿ ಸಿಗ್ನಲ್ ಇಲ್ಲ. ತಂತಿ ಎಳೆಯೋಣವೆಂದರೆ ನಡುವೆ ಕಣಿವೆ. ಇಳಿದು ಹತ್ತಲು ಇಬ್ಬರ ಮೊಣಕಾಲಲ್ಲೂ ಶಕ್ತಿಯಿಲ್ಲ. ಅದಕ್ಕೇ ನಿಮ್ಮ ಕಾರ್ಡು: ಇಬ್ಬರ ಕಂಪ್ಯೂಟರಿಗೂ ಒಂದೊಂದು ಹಾಕಿದರೆ ಗಾಳಿಯಲ್ಲೇ ಬರೆದು ಕಳಿಸಿಕೊಳ್ಳಬಹುದು.

ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬರೆದೆ. ಯಾವ ಸಂಖ್ಯೆ ಕಳಿಸಿದರೆ ರೇಡಿಯೋ ಎಚ್ಚರಾಗುತ್ತದೆ ಎಂದು ಊಹಿಸುತ್ತಾ ಹದಿನಾಲ್ಕು ತಿಂಗಳು! ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಾರುವವನೂ ಜೊತೆಗೊಂದು ನಕ್ಷೆ ಕೊಡುತ್ತಾನೆ; ಕೆಟ್ಟರೆ ನಮ್ಮೂರ ಗಿಡ್ಡಪ್ಪ ಬಿಚ್ಚಿ ಜೋಡಿಸುತ್ತಾನೆ. ಸಿಪ್ಪೆ ಯಂತ್ರದವನಿಗಿರುವ ದೊಡ್ಡ ಮನಸ್ಸು ನಿಮಗೇಕಿಲ್ಲ?

ಕೊನೆಗೂ ನನ್ನ ಬಳಿಯಿದ್ದ ಒಂದೇ ಕಾರ್ಡು ಕೆಲಸ ಮಾಡಿತು. ಅದನ್ನು ಮಂಜಯ್ಯನವರ ಮನೆಯಲ್ಲಿ ಹಾಕಿ, ಕೃಷ್ಣಪ್ಪನವರಿಗೆಂದು ಚಿಕ್ಕಮಗಳೂರಿನಿಂದ ಅದೇ ಹೆಸರು, ಅದೇ ನಂಬರಿನ ಡಬ್ಬಿ ತಂದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬಿಚ್ಚಿ ನೋಡಿದರೆ ಒಳಗಿನ ಚಿಪ್ ಬೇರೆಯೇ, ಅದಕ್ಕೆ ನನ್ನ ಡ್ರೈವರ್ ಹೊಂದುವುದಿಲ್ಲ. ಇನ್ನೆರಡು ತಂದೆ, ಅವೂ ಹಾಗೇ. ನನ್ನ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅಂಗಡಿಯವನಿಗೆ ಇದು ಗೊತ್ತಿರಲಿಲ್ಲ, ನಿಮಗೆ ಗೊತ್ತಿತ್ತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಮಂಜಯ್ಯನವರು ಈಗಲೂ ಎಂಟಕ್ಕೆ ತಮ್ಮ ಸೆಂಟ್ ಲೆಕ್ಕವನ್ನು ಕೀಲಿಮಣೆಯಲ್ಲಿ ಒತ್ತಿ, ಉತ್ತರಕ್ಕಾಗಿ ಪರದೆಯ ಮುಂದೆ ಕೂರುತ್ತಾರೆ. "ಕೃಷ್ಣಪ್ಪಂಗೆ ನನ್ ಮೇಲೆ ಏನಾದ್ರೂ ಬೇಜಾರಾ ಗಿರಿಜಮ್ಮ?" ಎಂದು ಮೊನ್ನೆ ಕೇಳಿದರು. ಇಲ್ಲ, ಚಿಪ್ ಬೇರೆ ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಓದಿ ತಲೆ ಆಡಿಸಿದರು. ಮರುದಿನವೂ ಕೂತರು.

ಎರಡೂ ಚಿಪ್‌ಗಳ ದಾಖಲೆ ಕೊಡಿ. ಇನ್ನು ಮುಂದೆ ಒಳಗಿರುವುದು ಯಾವುದೆಂದು ಡಬ್ಬಿಯ ಮೇಲೆ ಅಚ್ಚು ಹಾಕಿ. ಎರಡೂ ಆಗದಿದ್ದರೆ ಒಂದು ಬೆಳಿಗ್ಗೆ ಎಂಟಕ್ಕೆ ಬನ್ನಿ. ಆ ಕುರ್ಚಿಯ ಪಕ್ಕ ಕೂತು, ಉತ್ತರ ಏಕೆ ಬಂದಿಲ್ಲವೆಂದು ಮಂಜಯ್ಯನವರಿಗೆ ನೀವೇ ಬರೆದು ತೋರಿಸಿ.

ಇಂತಿ,
ಡಬ್ಬಿಯ ಮೇಲಿನ ಹೆಸರು ನಂಬಿ ಕೆಟ್ಟ
ಗಿರಿಜಾಂಬಾ
ರೇಡಿಯೋ ರಿಪೇರಿ, ಬಣಕಲ್
ಜುಲೈ 2006