ಪ್ಲಗ್ಗಿನಿಂದ ಲೆಕ್ಕ

ರಸೆಲ್‌ಗೆ,

ಪರಮಾಣು ಸಮ್ಮಿಲನದ ಪ್ರಯೋಗ ಗೆದ್ದಿತೆಂದು ನಿನ್ನೆ ಪ್ರಯೋಗಾಲಯದಲ್ಲಿ ಕೇಕ್ ಕತ್ತರಿಸುತ್ತ ಪತ್ರಕರ್ತರ ಮುಂದೆ ಬೀಗಿದೆಯಲ್ಲ, "ಎರಡು ಪಾಲು ಶಕ್ತಿ ಹಾಕಿದ್ವಿ, ಮೂರು ಪಾಲು ಬಂತು ನೋಡಿ!" ಎಂದು. ಆಗ ನನ್ನ ಸಹಾಯಕ ಡ್ವೇನ್ ಮೆಲ್ಲಗೆ, "ಹಾಗಾದ್ರೆ ಲೇಸರಿಗೆ ಅಂತ ನಾವು ಎಳೆದ ಮುನ್ನೂರು ಪಾಲು ಕರೆಂಟು ಯಾವ ಲೆಕ್ಕಕ್ಕೆ, ಬಾಸ್?" ಅಂದ.

ನಿಮ್ಮ ಭೌತವಿಜ್ಞಾನಿಗಳ ಪದ್ಧತಿಯೇ ಹಾಗೆ. ಇಂಧನದ ಗುಳಿಗೆಗೆ ತಾಗಿದ ಲೇಸರ್ ಬೆಳಕಷ್ಟೇ ಖರ್ಚು. ನಮ್ಮ ವಿದ್ಯುತ್ ವಿಭಾಗ ಪ್ಲಗ್ಗಿನಿಂದ ಎಳೆದದ್ದು ಖರ್ಚೇ ಅಲ್ಲ. ಹೆಚ್ಚಿಗೆ ಬಂದ ಆ ಒಂದು ಪಾಲೂ ಬಿಟ್ಟಿ ಬಂದದ್ದಲ್ಲ, ಇಂಧನ ಅಷ್ಟು ಸವೆದಿದೆ. ಇದನ್ನೂ ನಿನಗೆ ನಾನೇ ಹೇಳಿಕೊಡಬೇಕೇ?

ಮನೆಯಲ್ಲೂ ಅದೇ ಕತೆ. ನಾನು ಮಾಡಿಟ್ಟದ್ದನ್ನು ಬಿಸಿಗಿಟ್ಟು, "ಇವತ್ತು ಅಡುಗೆ ನಂದೇ ಅಮ್ಮ" ಎಂದು ನೀನು ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು.

ಬುಧವಾರ ಕಸದ ಡಬ್ಬ ರಸ್ತೆಗೆ ಇಡು. ನಾಯಿಗೆ ಮಾತ್ರೆಯನ್ನು ಚೀಸಿನಲ್ಲಿ ಮುಚ್ಚಿ ಕೊಡು, ಇಲ್ಲದಿದ್ದರೆ ಉಗುಳುತ್ತದೆ. ನಾನು ಕಾಣೆಯಾದೆನೆಂದು ಪೊಲೀಸರಿಗೆ ಫೋನ್ ಮಾಡಬೇಡ. ಯಾವುದೂ ನಾಶವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ನಾನು ಫ್ರೆಸ್ನೋದಲ್ಲಿ ಅಕ್ಕನ ಮನೆಯಲ್ಲಿದ್ದೇನೆ. ಕರೆಯಲು ಬರುವುದಾದರೆ, ಈ ಸಲ ಪ್ಲಗ್ಗಿನಿಂದಲೇ ಲೆಕ್ಕ ಹಾಕಿಕೊಂಡು ಬಾ.

ಮಾರ್ಲೀನ್