ಹೋಲಿಕೆಯ ಊರಿನಿಂದ

ಹಾಸಗಲ್ಲು. ಶಾಖಶಕೆ ಅರವತ್ತೊಂದು, ಎರಡನೆಯ ಬೇಸಿಗೆಯ ನಡುಭಾಗ; ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ನೂರ ತೊಂಬತ್ತರ ಆಚೀಚೆ.

ನಮಗಿಂತ ಮುಂಚೆ ಬದುಕಿ, ಅಳೆದು, ಬರೆದಿಟ್ಟು ಹೋದವರಿಗೆ ಗುರುಸಿದ್ಧವ್ವ ಹಾದಿಮನಿ ಮಾಡುವ ನಮಸ್ಕಾರ.

ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಶಾಲೆಯ ಭಂಡಾರದಲ್ಲಿರುವ ಹಳೆಯ ಬರಹಗಳಿಂದ. ಅದರಲ್ಲಿ ಬರುವ ಎಷ್ಟೋ ಹೆಸರುಗಳಿಗೆ ನಮ್ಮಲ್ಲಿ ವಸ್ತುವಿಲ್ಲ. ನಾವು ದಿನವೂ ಮುಟ್ಟುವ ಎಷ್ಟೋ ವಸ್ತುಗಳಿಗೆ ನಿಮ್ಮಲ್ಲಿ ಹೆಸರಿಲ್ಲ. ಆದ್ದರಿಂದ ನಡುನಡುವೆ ನಿಂತು ವಿವರಿಸುತ್ತ ಹೋಗುತ್ತೇನೆ. ವರ್ಷಕ್ಕೊಮ್ಮೆ ಹಿಂದಿನವರಿಗೆ ಕಾಗದ ಬರೆಯುವ ರೂಢಿ ನಮ್ಮ ಕಡೆ ಇದೆ. ಅದು ತಲುಪುತ್ತದೆಂದು ಯಾರೂ ಆಣೆ ಮಾಡಿ ಹೇಳುವುದಿಲ್ಲ. ಹೆಚ್ಚಿನವರು ತಮ್ಮ ಮುತ್ತಜ್ಜಿಗೆ ಬರೆಯುತ್ತಾರೆ. ನಾನು ಈ ಸಲ ನಿಮಗೆ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರು ವೈದ್ಯರೋ, ಯಾರು ಗಣಿತದವರೋ, ಯಾರು ದುಡ್ಡಿನ ಲೆಕ್ಕ ಕಲಿತವರೋ ನನಗೆ ಗೊತ್ತಿಲ್ಲ. ನಿಮ್ಮನ್ನೆಲ್ಲ ಒಟ್ಟಿಗೇ ಕರೆಯುತ್ತಿದ್ದೇನೆ ಎಂದುಕೊಳ್ಳಿ.

ನಮ್ಮ ಊರು ಮಲಪ್ರಭೆಯ ಒಣ ಪಾತ್ರದ ಪಕ್ಕದ ಕೆಂಪು ಕಲ್ಲಿನ ಗುಡ್ಡದಲ್ಲಿದೆ. ಗುಡ್ಡದ ಮೇಲೆ ಅಲ್ಲ, ಗುಡ್ಡದ ಒಳಗೆ. ನೆಲಮನೆ ಎನ್ನುತ್ತೇವೆ, ಬಂಡೆಯಲ್ಲಿ ಕೊರೆದ ಕೋಣೆಗಳು, ಮುಂದೊಂದು ತಲೆಬಾಗಿಲು. ಬಿಸಿಲು ಏರುವ ಮುಂಚೆ ಒಂದು ಕಹಳೆ ಕೂಗುತ್ತದೆ, ಅದಾದ ಮೇಲೆ ಇಳಿಹೊತ್ತಿನ ತನಕ ಹೊರಗೆ ಯಾರೂ ಇರುವಂತಿಲ್ಲ. ಓಣಿಗಳ ಮೇಲೆ ಈ ಗೋಡೆಯಿಂದ ಆ ಗೋಡೆಗೆ ನೆರಳುಬಟ್ಟೆ ಎಳೆದಿರುತ್ತೇವೆ. ನಿಮ್ಮ ಕಾಲದಲ್ಲಿ ಈ ಸೀಮೆಯ ನೇಕಾರರು ಕುಪ್ಪಸದ ಖಣ ನೇಯುತ್ತಿದ್ದರಂತೆ. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಈಗ ಓಣಿಗಳಿಗೆ ಬಟ್ಟೆ ತೊಡಿಸುತ್ತಾರೆ. ನನ್ನ ಗಂಡ ಮುರಿಗೆಪ್ಪ ಅಂಥ ನೇಕಾರ. ಅವನು ನೇಯ್ದ ಬಟ್ಟೆಯ ಅಂಚಿನಲ್ಲಿ ಒಂದು ಸಣ್ಣ ತೇರಿನ ಚಿತ್ರ ಇರುತ್ತದೆ. ಯಾರೂ ಕತ್ತೆತ್ತಿ ನೋಡುವುದಿಲ್ಲ, ಆದರೂ ಬಿಡುವುದಿಲ್ಲ. ನಾನು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ಈಗಿಲ್ಲದ ನದಿಗಳ ಹೆಸರನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವುದು ನನ್ನ ಕೆಲಸವಾಗಿತ್ತು.

ನಮಗೆ ಒಬ್ಬಳೇ ಮಗಳು, ನಿಂಬೆಕ್ಕ.

ಬತ್ತುರೋಗದ ಬಗ್ಗೆ ಹೇಳದೆ ಅವಳ ಬಗ್ಗೆ ಹೇಳಲು ಬರುವುದಿಲ್ಲ. ಅದು ಮಕ್ಕಳ ಮೂತ್ರಪಿಂಡಕ್ಕೆ ಬರುವ ರೋಗ. ಕಾವು ಹೆಚ್ಚಾದ ವರ್ಷಗಳಲ್ಲಿ ಮಗು ಮೊದಲು ಸುಸ್ತಾಗುತ್ತದೆ, ಆಮೇಲೆ ಊಟ ಬೇಡವೆನ್ನುತ್ತದೆ, ಆಮೇಲೆ ಪಾದ ಬಾಯುತ್ತವೆ. ಪಾದ ಬಾತ ಮೇಲೆ ಒಂದು ತಿಂಗಳು ಬದುಕಿದರೆ ಹೆಚ್ಚು. ನಿಂಬೆಕ್ಕ ಹುಟ್ಟುವ ಮುಂಚೆ ಅದಕ್ಕೊಂದು ಕೆಂಪು ಗುಳಿಗೆ ಬಂದಿತ್ತು. ಎಲ್ಲರಿಗೂ ಅದರ ಮೇಲೆ ನಂಬಿಕೆ. ಒಂದು ಮಗುವನ್ನೂ ಬಿಡಬಾರದೆಂದು ಒಂದೇ ವರ್ಷದಲ್ಲಿ ಎಲ್ಲ ಊರಿಗೂ ಹಂಚಿದರು. ಮಕ್ಕಳು ಸಾಯುವುದು ನಿಲ್ಲಲಿಲ್ಲ. ಕಾವು ಹೆಚ್ಚಾಗಿದೆ, ಗುಳಿಗೆ ಇರದಿದ್ದರೆ ಇನ್ನೂ ಹೆಚ್ಚು ಸಾಯುತ್ತಿದ್ದರು ಎಂದುಕೊಂಡರು. ಗುಳಿಗೆಯೇ ಕೊಲ್ಲುತ್ತಿದೆ ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು, ಏಕೆಂದರೆ ಅದನ್ನು ತಿನ್ನದ ಊರು ಒಂದೂ ಇರಲಿಲ್ಲ.

ಅದಕ್ಕೇ, ಮುಂದೆ ಹನಿಮದ್ದು ಎಂಬುದು ಬಂದಾಗ, ವಿಶ್ವವಿದ್ಯಾಲಯದವರು ಬೇರೆ ರೀತಿ ಮಾಡೋಣ ಎಂದರು. ಮದ್ದು ಹೇಗೂ ಅರ್ಧ ಊರುಗಳಿಗೆ ಸಾಲುವಷ್ಟೇ ಇತ್ತು. ಯಾವ ಅರ್ಧ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು, ಎರಡು ವರ್ಷ ಎರಡೂ ಕಡೆಯ ಮಕ್ಕಳನ್ನು ಒಂದೇ ರೀತಿ ಅಳೆಯುವುದು, ಕೊನೆಗೆ ಹೋಲಿಸಿ ನೋಡುವುದು. ಇದು ನೀವು ಕಲಿಸಿಕೊಟ್ಟ ವಿಧಾನ. ನಮ್ಮೂರ ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ನಾವು ಎಲ್ಲ ಕೇಳಿದೆವು, ಅವರು ಎಲ್ಲ ಹೇಳಿದರು, ಎಲ್ಲರೂ ಕೈಯೆತ್ತಿ ಒಪ್ಪಿದೆವು. ನಾನೂ ಎತ್ತಿದೆ. ಈಗ ಕೇಳಿದರೂ ಅದು ಸರಿ ಎಂದೇ ಹೇಳುತ್ತೇನೆ. ಊರ ಪರವಾಗಿ ಗಡಿಗೆಯಲ್ಲಿ ಕೈ ಹಾಕಲು ಮುರಿಗೆಪ್ಪನನ್ನು ಕರೆದರು. ಅವನ ಕೈಗೆ ಬಿಳಿ ಚೀಟಿ ಬಂತು. ನಾವು ಹೋಲಿಕೆಯ ಊರಾದೆವು. ಮದ್ದಿಲ್ಲದೆ ಬದುಕಿ ತೋರಿಸುವವರು ಎಂದು ಅರ್ಥ. ಮುರಿಗೆಪ್ಪನ ತಂಗಿಯನ್ನು ಕೊಟ್ಟ ಕಲ್ಲಾಪುರಕ್ಕೆ ಹನಿಯ ಚೀಟಿ ಬಂತು.

ನಮ್ಮನ್ನು ಅಳೆಯಲು ಬಂದವರು ಡಾಕ್ಟರ್ ಜುಬೇದಾ ಮುಧೋಳ. ಎತ್ತರದ ಹೆಂಗಸು, ಮಾತು ಕಡಿಮೆ, ನಡೆಯುವಾಗ ಸ್ವಲ್ಪ ಬಲಕ್ಕೆ ವಾಲುತ್ತಿದ್ದರು. ಹನಿಯ ಊರುಗಳನ್ನು ಅಳೆಯುವವರು ಬೇರೆ. ಇಬ್ಬರೂ ಒಬ್ಬರಿಗೊಬ್ಬರು ಅಂಕಿಗಳನ್ನು ಹೇಳುವಂತಿರಲಿಲ್ಲ. ಧಾರವಾಡದಲ್ಲಿ ಮೂವರು ತೆರೆಯುವವರು ಇದ್ದರು. ಎರಡೂ ಕಡೆಯ ಅಂಕಿಗಳನ್ನು ಕೂಡಿಸಿ ನೋಡುವ ಅಧಿಕಾರ ಅವರಿಗೆ ಮಾತ್ರ, ಅದೂ ಎರಡು ವರ್ಷ ಮುಗಿದ ಮೇಲೆ. ಜುಬೇದಾ ತಿಂಗಳಿಗೊಮ್ಮೆ ಬಂದು ನಮ್ಮ ಮನೆಯ ಒಳಕೋಣೆಯಲ್ಲಿ ಇಳಿದುಕೊಳ್ಳುತ್ತಿದ್ದರು. ಮಕ್ಕಳ ತೂಕ, ಎತ್ತರ, ಬೆರಳ ತುದಿಯ ರಕ್ತ. ನಿಂಬೆಕ್ಕ ಅವರಿಗೆ ಅಳತೆ ಅತ್ತಿ ಎಂದು ಹೆಸರಿಟ್ಟಳು. ಅವರು ಬಂದಾಗಲೆಲ್ಲ ಟೇಪು ಹಿಡಿದುಕೊಂಡು ಹಿಂದೆ ಹೋಗುತ್ತಿದ್ದಳು. ಆಡು, ಬಾಗಿಲು, ಮಲಗಿದ ಅಪ್ಪ, ಎಲ್ಲವನ್ನೂ ಅಳೆದು ಜೋರಾಗಿ ಹೇಳುತ್ತಿದ್ದಳು. ಜುಬೇದಾ ನಕ್ಕದ್ದನ್ನು ನಾನು ನೋಡಿದ್ದು ಅವಳ ಜೊತೆ ಮಾತ್ರ.

ಎರಡನೆಯ ವರ್ಷದ ಮೊದಲ ಬೇಸಿಗೆಯಲ್ಲಿ ನಿಂಬೆಕ್ಕ ಆಟದ ನಡುವೆ ಬಂದು ಮಲಗಲು ಶುರು ಮಾಡಿದಳು. ಅವಳಿಗಾಗ ಏಳು ವರ್ಷ. ನಮಗೆ ಗೊತ್ತಾಯಿತು. ಮುರಿಗೆಪ್ಪ ಯಾರಿಗೂ ಹೇಳದೆ ಕಲ್ಲಾಪುರಕ್ಕೆ ನಡೆದ. ಅವನ ತಂಗಿ ಒಂದು ಮಾತೂ ಕೇಳದೆ ತನ್ನ ಮಗನ ಪಾಲಿನ ಸೀಸೆಯನ್ನು ತಂದು ಕೈಗಿಟ್ಟಳಂತೆ. ಆ ಹುಡುಗ ಎದುರಿಗೇ ರೊಟ್ಟಿ ತಿನ್ನುತ್ತ ಕುಳಿತಿದ್ದ, ಮಾವನನ್ನು ನೋಡಿ ನಕ್ಕ. ಮುರಿಗೆಪ್ಪ ಸೀಸೆಯನ್ನು ಅಲ್ಲೇ ಇಟ್ಟು ಬರಿಗೈಯಲ್ಲಿ ವಾಪಸು ಬಂದ. ನಾನು ಬೈಯಲಿಲ್ಲ. ಅದು ಮದ್ದೋ ಮತ್ತೊಂದು ಕೆಂಪು ಗುಳಿಗೆಯೋ ಎಂಬುದು ಆಗ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಆ ತಿಂಗಳು ಜುಬೇದಾ ಬಂದಾಗ ಮಗಳ ಬೆರಳಿನಿಂದ ರಕ್ತ ತೆಗೆದು ನೋಡಿ, ಮತ್ತೊಮ್ಮೆ ತೆಗೆದು ನೋಡಿದರು. ಮುರಿಗೆಪ್ಪ ಅವರ ಎದುರು ನೆಲದ ಮೇಲೆ ಕುಳಿತ.

"ಅಂಕಿ ಕೇಳವಲ್ಲೆ ಅಕ್ಕಾರ. ನಿಮ್ಮ ಮನಸ್ಸಿಗೆ ಏನ ಅನಸ್ತದ, ಅಷ್ಟ ಹೇಳ್ರಿ. ಆ ಹನಿ ಛಲೋನೋ, ಕೆಟ್ಟದ್ದೋ?"

ಅವರು ಸೂಜಿಯನ್ನು ಒರೆಸಿ ಪೆಟ್ಟಿಗೆಗೆ ಹಾಕಿದರು.

"ನನ್ನ ಮನಸ್ಸಿಗೆ ಅನಸೋದನ್ನ ನಾನ ನಂಬೂದಿಲ್ಲ, ಮುರಿಗೆಪ್ಪ," ಎಂದರು. "ಕೆಂಪು ಗುಳಿಗಿ ಛಲೋ ಅಂತ ಅನಿಸಿತ್ತು. ನನ್ನ ಮಗಗ ನನ್ನ ಕೈಯಾರೆ ಕೊಟ್ಟೆ."

ಅವರಿಗೊಬ್ಬ ಮಗನಿದ್ದ ಎಂಬುದೇ ನಮಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಹೆಸರು ಸಮೀರನಂತೆ. ಒಳಗೆ ನಿಂಬೆಕ್ಕ ಆಡಿನ ಉದ್ದವನ್ನು ಯಾರಿಗೋ ಹೇಳುತ್ತಿದ್ದಳು.

ಮರುದಿನ ಜುಬೇದಾ ಉಳಿದ ಊರುಗಳಿಗೆ ಹೋಗದೆ ನೆಟ್ಟಗೆ ಧಾರವಾಡಕ್ಕೆ ಹೋದರು. ಅಲ್ಲಿ ನಡೆದದ್ದನ್ನು ಅವರು ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಮೂವರು ತೆರೆಯುವವರೂ ಒಳ್ಳೆಯ ಜನ, ಆ ರೋಗದಿಂದ ಮನೆಯವರನ್ನು ಕಳೆದುಕೊಂಡವರೇ. ಅವಧಿಗೆ ಮುಂಚೆ ತೆರೆದರೆ ಸಂದೇಹ ಉಳಿದುಬಿಡುತ್ತದೆ, ಸಂದೇಹದ ಮದ್ದನ್ನು ಊರಿಗೆಲ್ಲ ಕೊಟ್ಟು ನಾವು ಒಮ್ಮೆ ಅನುಭವಿಸಿದ್ದೇವೆ ಎಂದರು. ಜುಬೇದಾ ವಾದ ಮಾಡಲಿಲ್ಲ. ತಾವು ಅಳೆದ ಮಕ್ಕಳಲ್ಲಿ ಈ ಬೇಸಿಗೆ ಎಷ್ಟು ಮಂದಿ ಸುಸ್ತಾಗಿ ಮಲಗಿದ್ದಾರೆ ಎಂದು ಒಂದೊಂದೇ ಹೆಸರು ಹೇಳುತ್ತ ಹೋದರು. ದಿನವೂ ಹೋಗಿ ಹೇಳಿದರು. ಆ ಮೂವರಲ್ಲಿ ಗಣಿತ ಬಲ್ಲ ಹಿರಿಯರೊಬ್ಬರು ಕೊನೆಗೆ, ಈಗ ತೆರೆದರೂ ತಪ್ಪಾಗದಷ್ಟು ಅಂಕಿ ಕೂಡಿದೆಯೇ ಎಂದು ಲೆಕ್ಕ ಹಾಕಿ ನೋಡುತ್ತೇನೆ ಎಂದರು. ಕೂಡಿತ್ತು. ತೆರೆದರು.

ಹನಿಮದ್ದು ಕೆಲಸ ಮಾಡುತ್ತಿತ್ತು. ಎಷ್ಟು ಚೆನ್ನಾಗಿ ಎಂದರೆ, ಕಲ್ಲಾಪುರದಲ್ಲಿ ಆ ವರ್ಷ ಒಂದು ಮಗುವೂ ಹೋಗಿರಲಿಲ್ಲ. ಆದರೆ ಒಂದು ಮಾತಿತ್ತು. ಪಾದ ಬಾಯುವ ಮುಂಚೆ ಕೊಟ್ಟರೆ ಮಾತ್ರ. ಬಾತ ಮೇಲೆ ಕೊಟ್ಟರೆ ಏನೂ ಆಗುತ್ತಿರಲಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ.

ಜುಬೇದಾ ಅಷ್ಟರಲ್ಲಿ ಹೊಸದಾಗಿ ತಯಾರಾಗಿದ್ದ ಮದ್ದಿನ ಪೆಟ್ಟಿಗೆಗಳನ್ನು ಗಾಡಿಗೆ ಹೇರಿಸಿಕೊಂಡು, ಕಹಳೆ ಕೂಗಿದ ಮೇಲೂ ಬಿಸಿಲಿನಲ್ಲೇ ಬಂದರು. ನೆರಳುಬಟ್ಟೆಯ ಕೆಳಗೆ ಅವರ ವಾಲಿದ ನಡಿಗೆ ದೂರದಿಂದಲೇ ಕಾಣಿಸಿತು. ಊರೆಲ್ಲ ಬಾಗಿಲು ತೆರೆದು ನಿಂತಿತ್ತು. ಅವರು ಯಾರ ಕಡೆಯೂ ನೋಡದೆ ನಮ್ಮ ಮನೆಗೆ ಬಂದು, ಮಗಳ ಹೊದಿಕೆ ಸರಿಸಿ ಪಾದಗಳನ್ನು ನೋಡಿದರು. ಅವು ಬಾತು ನಾಲ್ಕೈದು ದಿನವಾಗಿತ್ತು. ಅವರು ಅಲ್ಲೇ ಗೋಡೆಗೆ ಒರಗಿ ಕುಳಿತುಬಿಟ್ಟರು. ನನಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಮೊದಲು ಹೊರಗೆ ನಿಂತ ಮಕ್ಕಳಿಗೆ ಹಾಕಿ ಎಂದೆ. ಅವರು ಎದ್ದು ಹೋಗಿ ಎಲ್ಲರಿಗೂ ಹಾಕಿ ಬಂದರು. ಬಂದು ನೋಡಿದರೆ ನಿಂಬೆಕ್ಕ ಎಚ್ಚರವಾಗಿದ್ದಳು. ಎಲ್ಲರಿಗೂ ಕೊಟ್ಟದ್ದು ಅವಳಿಗೆ ಕೇಳಿಸಿತ್ತು.

"ನನಗ, ಅತ್ತಿ?" ಎಂದಳು.

ಜುಬೇದಾ ನನ್ನ ಮುಖ ನೋಡಿದರು. ನಾನು ಹ್ಞೂಂ ಎಂದೆ. ಅವರು ಚಮಚಕ್ಕೆ ಹನಿ ಹಾಕಿ, ಎಲ್ಲ ಮಕ್ಕಳಿಗೂ ಎಣಿಸಿದಂತೆ ಜೋರಾಗಿ ಎಣಿಸಿ, ಅವಳ ಬಾಯಿಗೆ ಹಾಕಿದರು. ಅವಳು ಮುಖ ಕಿವುಚಿ, ಕಹಿ ಎಂದು ನಕ್ಕಳು. ಇನ್ನು ನನಗೆ ಆರಾಮಾಗುತ್ತದೆ ಎಂದು ಅಪ್ಪನಿಗೆ ಹೇಳಿ ಮಲಗಿದಳು. ಅದೇ ವಾರ ಹೋದಳು. ನಂಬಿಕೊಂಡೇ ಹೋದಳು. ಅದು ಒಳ್ಳೆಯದಾಯಿತೋ ಇಲ್ಲವೋ, ಇಷ್ಟು ವರ್ಷವಾದರೂ ನನಗೆ ತೀರ್ಮಾನ ಮಾಡಲಾಗಿಲ್ಲ.

ಊರಿನ ಉಳಿದ ಮಕ್ಕಳು ಬದುಕಿದರು. ಆ ಪೈಕಿ ಕೆಲವರು ಈಗ ಅಜ್ಜ ಅಜ್ಜಿಯರಾಗಿದ್ದಾರೆ. ಬತ್ತುರೋಗದ ಹೆಸರು ಈಗಿನ ಹುಡುಗರಿಗೆ ಗೊತ್ತಿಲ್ಲ, ನಾನು ನದಿಗಳ ಹೆಸರು ಹೇಳಿದಾಗ ನೋಡುವಂತೆಯೇ ನನ್ನನ್ನು ನೋಡುತ್ತಾರೆ. ಮುರಿಗೆಪ್ಪ ಒಂದು ವರ್ಷ ಮಗ್ಗಕ್ಕೆ ಕೂರಲಿಲ್ಲ. ಕಹಳೆ ಕೂಗಿದ ಮೇಲೆ ಬಾಗಿಲು ಮುಚ್ಚಿದ ಮನೆಯಲ್ಲಿ, ಚೀಟಿ ಎತ್ತಿದ ಬಲಗೈಯನ್ನೇ ನೋಡುತ್ತ ಕುಳಿತಿರುತ್ತಿದ್ದ. ಆ ಕೈಯನ್ನು ನಾನು ಹಿಡಿದುಕೊಂಡು ಕೂರುತ್ತಿದ್ದೆ. ಒಂದು ದಿನ ಗಾಳಿಗೆ ಶಾಲೆಯ ಓಣಿಯ ಬಟ್ಟೆ ಹರಿಯಿತು, ಮಕ್ಕಳ ತಲೆಯ ಮೇಲೆ ಬಿಸಿಲು ಬಿತ್ತು. ಅವನು ಎದ್ದು ಹೋಗಿ ಮಗ್ಗದ ಮುಂದೆ ಕುಳಿತು ನೂಲು ಬಿಚ್ಚಿದ.

ಅಧ್ಯಯನದ ಬರಹ ಅಚ್ಚಾಗುವ ಮುಂಚೆ ಜುಬೇದಾ ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಾನು ಬಾಗಿಲು ತೆರೆಯಲಿಲ್ಲ. ಅವರು ಮೆಟ್ಟಿಲ ಮೇಲೆ ಕುಳಿತು ಹೊರಗಿನಿಂದಲೇ ಓದಿದರು, ಮೊದಲಿನಿಂದ ಕೊನೆಯ ತನಕ, ನಮಗೆ ಅರ್ಥವಾಗುವ ಮಾತಿಗೆ ಇಳಿಸಿ. ಓದಿ ಮುಗಿದ ಮೇಲೆ ನಾನು ಒಳಗಿನಿಂದ ಒಂದೇ ಕೇಳಿದೆ.

"ನಮ್ಮ ಊರಿಂದ ಏನರೆ ಗೊತ್ತಾತೇನ್ರಿ?"

"ನಿಮ್ಮ ಊರ ಇರಲಿಲ್ಲಂದ್ರ ಏನೂ ಗೊತ್ತಾಗತಿದ್ದಿಲ್ಲ, ಗುರುಸಿದ್ಧವ್ವ."

ಅದು ನಿಜ. ಅದರಿಂದ ಸಮಾಧಾನವಾಗಲಿಲ್ಲ. ಆದರೂ ಬಾಗಿಲು ತೆರೆದೆ. ಆಮೇಲಿನ ಎಲ್ಲ ವರ್ಷಗಳಲ್ಲೂ ಅವರು ಬಂದರು, ಅಳೆಯಲು ಏನೂ ಇಲ್ಲದಿದ್ದರೂ. ನಾವಿಬ್ಬರೂ ಕುಳಿತು ಜೋಳದ ಗಂಜಿ ಕುಡಿಯುತ್ತಿದ್ದೆವು. ಕೆಲವೊಮ್ಮೆ ಸಮೀರನ ಮಾತು, ಕೆಲವೊಮ್ಮೆ ನಿಂಬೆಕ್ಕನ ಮಾತು. ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು.

ಅವರು ಹೋದ ಮೇಲೆ ನಾನು ಶಾಲೆಯ ಭಂಡಾರಕ್ಕೆ ಹೋಗಿ ನಿಮ್ಮನ್ನು ಓದತೊಡಗಿದೆ. ನಿಮ್ಮ ಕಾಲದಲ್ಲೇ ಎಲ್ಲವೂ ಶುರುವಾಗಿತ್ತು. ಬಿಸಿಲಿನಲ್ಲಿ ಕಬ್ಬು ಕಡಿಯುವ ಯುವಕರ ಮೂತ್ರಪಿಂಡ ಸೋಲುತ್ತಿವೆ ಎಂದು ವೈದ್ಯರು ಬರೆದಿದ್ದರು. ಕಾವು ಯಾವ ಗೆರೆಯಲ್ಲಿ ಏರುತ್ತದೆ ಎಂದು ಗಣಿತದವರು ಎಳೆದು ತೋರಿಸಿದ್ದರು. ಕೆಲಸದವರಿಗೆ ನೆರಳು, ನೀರು, ವಿಶ್ರಾಂತಿ ಕೊಟ್ಟರೆ ಖರ್ಚೆಷ್ಟು, ಕೊಡದಿದ್ದರೆ ನಷ್ಟವೆಷ್ಟು ಎಂದು ಅರ್ಥಶಾಸ್ತ್ರದವರು ಲೆಕ್ಕ ಹಾಕಿದ್ದರು. ಎಚ್ಚರಿಕೆಯಿಂದ ಬರೆದ, ಪ್ರಾಮಾಣಿಕವಾದ ಬರಹಗಳು. ಓದುತ್ತ ನಾನು ಕೋಪಗೊಳ್ಳಲು ಪ್ರಯತ್ನಿಸಿದೆ, ಆಗಲಿಲ್ಲ. ಅನೇಕ ಬರಹಗಳ ಕೊನೆಯಲ್ಲಿ ಒಂದೇ ಮಾತು ಸಿಕ್ಕಿತು: ಈ ಬಗ್ಗೆ ಹೆಚ್ಚಿನ ಸಂಶೋಧನೆಯ ಅಗತ್ಯವಿದೆ.

ಹೌದು, ಅಗತ್ಯವಿದೆ. ಸಂದೇಹಪಡುವುದನ್ನು ಬಿಡಬೇಡಿ, ಬಿಟ್ಟರೆ ಏನಾಗುತ್ತದೆಂದು ಜುಬೇದಾ ಅವರ ಮನೆ ನೋಡಿ ಬಲ್ಲೆ. ಆದರೆ ಗೊತ್ತಾದದ್ದನ್ನು ಗೊತ್ತಿಲ್ಲದವರಂತೆ ಇಟ್ಟುಕೊಂಡು ಕೂರಬೇಡಿ. ಯಾವ ಮನೆಯ ಮಗುವಿನ ಬೆರಳಿನಿಂದ ರಕ್ತ ತೆಗೆದಿರಿ, ಉತ್ತರ ಸಿಕ್ಕಿದ ದಿನ ಮೊದಲು ಆ ಮನೆಯ ಮೆಟ್ಟಿಲಿಗೆ ಹೋಗಿ. ಬಾಗಿಲು ತೆರೆಯದಿದ್ದರೆ ಹೊರಗೆ ಕುಳಿತೇ ಓದಿ. ಆ ಕೊನೆಯ ಸಾಲನ್ನು ಬರೆಯುವಾಗ ಮಾತ್ರ ಒಂದು ಕ್ಷಣ ಕೈ ತಡೆಯಿರಿ. ಹೆಚ್ಚಿನ ಸಂಶೋಧನೆ ಎಂದು ನೀವು ಬರೆದಿರಲ್ಲ, ಆ ‘ಹೆಚ್ಚಿನ’ ಎಂಬುದರಲ್ಲಿ, ಬಿಳಿ ಚೀಟಿ ಹಿಡಿದು ಕಾಯುತ್ತ, ನಾವಿದ್ದೆವು.